ನಿಭಾಯಿಸಿದ್ದನ್ನು ಬರೆದಿಡು

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಏರ್ ಟ್ರಾಫಿಕ್ ಕಂಟ್ರೋಲರ್ ಕೆಲಸ ಸಿಕ್ಕಿತು ಅಂತ ತಿಳಿದು ತುಂಬಾ ಖುಷಿಯಾಯಿತು. ನಿಮ್ಮಪ್ಪ ಸಂಬಳ, ಪೋಸ್ಟಿಂಗ್ ಎಲ್ಲಾ ವಿಚಾರಿಸಿದ. ನೀನು ಕೇಳಿದ್ದು ಮಾತ್ರ, ‘ಆ ಟೆನ್ಷನ್ ನನ್ನ ಕೈಲಿ ತಡೆಯೋಕಾಗುತ್ತಾ ಮಾಮ?’ ಅಂತ. ಸ್ಕ್ರೀನ್ ತುಂಬಾ ವಿಮಾನ ಇದ್ದಾಗಿನ ಟೆನ್ಷನ್ ನೀನು ತಡೆಯುತ್ತೀಯ. ಅದಕ್ಕೇ ತಾನೇ ತಿಂಗಳುಗಟ್ಟಲೆ ತರಬೇತಿ ಕೊಡುವುದು. ಇಷ್ಟು ವರ್ಷ ಅದೇ ಕುರ್ಚಿಯಲ್ಲಿ ಕೂತು ರಿಟೈರಾದ ನನಗೆ ಭಯ ಇರುವುದು ಬೇರೆ ಕಡೆ. ಜನ ಕಡಿಮೆ, ಟ್ರಾಫಿಕ್ಕೂ ಕಡಿಮೆ, ‘ಇವತ್ತೊಂದು ರಾತ್ರಿ ನೀನೇ ನೋಡ್ಕೋ’ ಅನ್ನುತ್ತಾರಲ್ಲ, ಆ ಹೊತ್ತಿನದು.

ಜರ್ಮನಿಯ ಯೂಬರ್ಲಿಂಗನ್ ಊರಿನ ಮೇಲೆ ಎರಡು ವಿಮಾನ ಡಿಕ್ಕಿ ಹೊಡೆದ ಅಪಘಾತದ ಬಗ್ಗೆ ತರಬೇತಿಯಲ್ಲಿ ಹೇಳಿಯೇ ಹೇಳುತ್ತಾರೆ. 2002ರ ಜುಲೈ 1ರ ರಾತ್ರಿ. ಆ ಆಕಾಶ ನೋಡಿಕೊಳ್ಳುತ್ತಿದ್ದ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕೇಂದ್ರದಲ್ಲಿ ಇಬ್ಬರು ಕಂಟ್ರೋಲರ್‌ಗಳು ಪಾಳಿಯಲ್ಲಿದ್ದರು. ಒಬ್ಬರು ವಿಶ್ರಾಂತಿಗೆ ಹೋಗಿದ್ದರು, ಉಳಿದವರು ಎರಡು ಕನ್ಸೋಲ್ ನೋಡುತ್ತಿದ್ದರು. ಅದೇ ರಾತ್ರಿ ರಿಪೇರಿ ಕೆಲಸಕ್ಕೆಂದು ಮುಖ್ಯ ಫೋನ್ ಲೈನ್ ಬಂದ್ ಮಾಡಿದ್ದರು. ಎರಡು ವಿಮಾನ ಹತ್ತಿರ ಬಂದರೆ ಸ್ಕ್ರೀನ್ ಮೇಲೆ ಬರಬೇಕಾದ ಎಚ್ಚರಿಕೆಯೂ ಇರಲಿಲ್ಲ. ತಡವಾಗಿ ಬಂದ ಇನ್ನೊಂದು ವಿಮಾನವನ್ನು ಫ್ರೀಡ್ರಿಕ್ಸ್‌ಹಾಫೆನ್ ನಿಲ್ದಾಣದಲ್ಲಿ ಇಳಿಸಬೇಕಿತ್ತು. ಅಲ್ಲಿಗೆ ಫೋನ್ ಹತ್ತುತ್ತಿಲ್ಲ. ಆ ಮನುಷ್ಯ ಅದರಲ್ಲಿ ಮುಳುಗಿದ್ದಾಗ 36,000 ಅಡಿಯಲ್ಲಿ ರಷ್ಯಾದ ಒಂದು ಟುಪೊಲೆವ್ ವಿಮಾನ, ಒಂದು ಬೋಯಿಂಗ್ 757 ಒಂದರ ದಾರಿಗೆ ಇನ್ನೊಂದು ಅಡ್ಡ ಬರುತ್ತಿದ್ದವು. ಪಕ್ಕದ ಕಾರ್ಲ್ಸ್‌ರೂ ಕೇಂದ್ರದವರು ತಮ್ಮ ಸ್ಕ್ರೀನಿನಲ್ಲಿ ಅದನ್ನು ನೋಡಿದರು. ಮತ್ತೆ ಮತ್ತೆ ಫೋನ್ ಮಾಡಿದರೂ ಲೈನ್ ಸಿಗಲಿಲ್ಲ. ಕೊನೆ ಗಳಿಗೆಯಲ್ಲಿ ಕಂಟ್ರೋಲರ್ ಟುಪೊಲೆವ್‌ಗೆ ಕೆಳಗಿಳಿ ಅಂದರು, ಅದರೊಳಗಿದ್ದ ಟಿಸಿಎಎಸ್ (ಡಿಕ್ಕಿ ತಪ್ಪಿಸಲು ಪೈಲಟ್‌ಗೆ ಎಚ್ಚರಿಕೆ ಕೊಡುವ ಯಂತ್ರ) ಮೇಲೇರು ಅಂದಿತು. ಪೈಲಟ್‌ಗಳು ಕಂಟ್ರೋಲರ್ ಮಾತು ಕೇಳಿದರು. ಬೋಯಿಂಗ್ ತನ್ನ ಟಿಸಿಎಎಸ್ ಹೇಳಿದಂತೆ ಇಳಿಯುತ್ತಲೇ ಇತ್ತು. ಎರಡೂ ಡಿಕ್ಕಿ ಹೊಡೆದವು. 71 ಜನ ಸತ್ತರು, ಅದರಲ್ಲಿ ಮಕ್ಕಳೇ ಜಾಸ್ತಿ.

ಎರಡು ವರ್ಷದೊಳಗೆ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಬ್ಬ ತಂದೆ ಆ ಕಂಟ್ರೋಲರ್‌ನ ಮನೆಗೇ ಹೋಗಿ ಅವರನ್ನು ಕೊಂದ. 2007ರಲ್ಲಿ ಸ್ವಿಸ್ ಕೋರ್ಟು ಅಪರಾಧಿಗಳು ಅಂತ ಹೇಳಿದ್ದು ಜ್ಯೂರಿಕ್ ಕೇಂದ್ರ ನಡೆಸುತ್ತಿದ್ದ ಸಂಸ್ಥೆಯ ನಾಲ್ವರು ಮ್ಯಾನೇಜರ್‌ಗಳನ್ನು. ಆದರೆ ಆ ಬಡಪಾಯಿ ಕಂಟ್ರೋಲರ್ ಅಷ್ಟು ಹೊತ್ತಿಗೆ ಇರಲಿಲ್ಲವಲ್ಲ.

ನೀನು ಗಮನಿಸಬೇಕಾದದ್ದು ಇಷ್ಟು. ರಾತ್ರಿ ಒಬ್ಬರು ಮಲಗಿ ಒಬ್ಬರು ನೋಡಿಕೊಳ್ಳುವ ಪದ್ಧತಿ ಅಲ್ಲಿ ಅದಕ್ಕೂ ಮೊದಲಿಂದ ಇತ್ತು. ಆಡಳಿತಕ್ಕೂ ಗೊತ್ತಿತ್ತು. ಏನೂ ಆಗದೆ ಕಳೆದ ರಾತ್ರಿಗಳನ್ನು ಯಾರೂ ಬರೆದಿಡುವುದಿಲ್ಲ. ನಿಭಾಯಿಸಿದ್ದೆಲ್ಲ ‘ಇಷ್ಟು ಜನ ಸಾಕು’ ಅನ್ನುವುದಕ್ಕೆ ಸಾಕ್ಷಿಯಾಗುತ್ತದೆ. ನಾವೇ ನಮ್ಮ ವಿರುದ್ಧ ಕೊಡುವ ಸಾಕ್ಷಿ!

ಅದಕ್ಕೇ ಹೇಳುತ್ತೇನೆ, ಇಬ್ಬರ ಕೆಲಸ ಒಬ್ಬಳೇ ಮಾಡಿದ ದಿನ ಲಾಗ್‌ಬುಕ್ಕಿನಲ್ಲಿ ಬರೆ. ಎಷ್ಟು ಗಂಟೆಗೆ ಸೆಕ್ಟರ್ (ಒಬ್ಬೊಬ್ಬರು ನೋಡಿಕೊಳ್ಳುವ ಆಕಾಶದ ಭಾಗ) ಸೇರಿಸಿ ಒಬ್ಬರಿಗೇ ಕೊಟ್ಟರು, ಯಾರು ಹೇಳಿದರು, ಯಾವ ಉಪಕರಣ ಕೆಟ್ಟಿತ್ತು. ಬೈಯ್ಗುಳ ಬೇಡ, ಸಮಯ ಮತ್ತು ಸಂಗತಿ ಇದ್ದರೆ ಸಾಕು. ‘ಸುಮ್ನೆ ಯಾಕೆ ತಲೆನೋವು’ ಅನ್ನುವ ಹಿರಿಯರು ಸಿಗುತ್ತಾರೆ. ಅವರಿಗೆ ಗೌರವ ಕೊಡು, ಆದರೂ ಬರೆ.

ನಿದ್ದೆಯ ವಿಷಯದಲ್ಲಿ ರಾಜಕೀಯ ಎಷ್ಟಿದೆ ಅಂತ ನಿನಗೆ ಗೊತ್ತಿರಲಿ. 2011ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನ ರೇಗನ್ ವಿಮಾನ ನಿಲ್ದಾಣದಲ್ಲಿ ರಾತ್ರಿ ಒಬ್ಬರೇ ಇದ್ದ ಕಂಟ್ರೋಲರ್‌ಗೆ ನಿದ್ದೆ ಹತ್ತಿತು. ಎರಡು ವಿಮಾನಗಳು ಟವರ್‌ನಿಂದ ಉತ್ತರವಿಲ್ಲದೆ ತಾವೇ ಇಳಿದವು. ದೊಡ್ಡ ಗಲಾಟೆಯಾಯಿತು. ರಾತ್ರಿ ಪಾಳಿಯಲ್ಲಿ ಬಿಡುವಿನ ವೇಳೆ ಮಲಗಲು ಬಿಡಿ ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಮತ್ತು ನೌಕರರ ಸಂಘದ ಜಂಟಿ ತಂಡವೇ ಸಲಹೆ ಕೊಟ್ಟಿತ್ತು. ಸಾರಿಗೆ ಮಂತ್ರಿ, ಮಲಗೋದಕ್ಕೆ ಸಂಬಳ ಕೊಡೋಕಾಗಲ್ಲ ಅನ್ನುವ ಧಾಟಿಯಲ್ಲಿ ಮಾತಾಡಿದರು. ಟಿವಿಯಲ್ಲಿ ಆ ಮಾತಿಗೇ ಚಪ್ಪಾಳೆ, ಅಲ್ವಾ? ಎರಡು ಪಾಳಿಗಳ ನಡುವಿನ ಬಿಡುವನ್ನು 8 ಗಂಟೆಯಿಂದ 9ಕ್ಕೆ ಏರಿಸಿದರು. ಅದನ್ನು 10 ಗಂಟೆ ಮಾಡುತ್ತೇವೆ ಅಂತ ಹೇಳಲು 2024 ಬರಬೇಕಾಯಿತು. ಆ ಹತ್ತರಲ್ಲೇ ಮನೆಗೆ ಹೋಗುವುದು, ಊಟ, ಸ್ನಾನ, ಮತ್ತೆ ಹೊರಡುವುದು ಎಲ್ಲ.

ಹಾಗಂತ ಮುಷ್ಕರ ಮಾಡು ಅನ್ನುತ್ತಿಲ್ಲ. 1981ರ ಆಗಸ್ಟಿನಲ್ಲಿ ಅಮೆರಿಕದ ಕಂಟ್ರೋಲರ್‌ಗಳ ಪ್ಯಾಟ್ಕೊ ಸಂಘ ಕಾನೂನು ಮೀರಿ ಮುಷ್ಕರ ಹೂಡಿತು. ವಾರದ ಕೆಲಸ 32 ಗಂಟೆಗೆ ಇಳಿಸಿ ಅನ್ನುವುದು ಅವರ ಒಂದು ಬೇಡಿಕೆ. ಅಧ್ಯಕ್ಷ ರೇಗನ್ 48 ಗಂಟೆ ಗಡುವು ಕೊಟ್ಟು, ಆಮೇಲೆ 11,000ಕ್ಕೂ ಜಾಸ್ತಿ ಜನರನ್ನು ಮನೆಗೆ ಕಳಿಸಿದರು. ಹಿಂದಿನ ವರ್ಷ ಚುನಾವಣೆಯಲ್ಲಿ ಅದೇ ಸಂಘ ಅವರಿಗೇ ಬೆಂಬಲ ಕೊಟ್ಟಿತ್ತು, ನೋಡು! ಸರ್ಕಾರ ಗೆದ್ದಿತು ಅನ್ನುತ್ತಾರೆ. ಆದರೆ ಖಾಲಿಯಾದ ಜಾಗಕ್ಕೆ ಒಟ್ಟಿಗೆ ಸೇರಿಸಿಕೊಂಡವರು 56ಕ್ಕೆ ಕಡ್ಡಾಯ ನಿವೃತ್ತಿಯ ನಿಯಮದಿಂದ ಕಾಲು ಶತಮಾನ ಕಳೆದು ಗುಂಪುಗುಂಪಾಗಿ ಹೊರಟರು. ಗೆದ್ದವರ ಲೆಕ್ಕದಲ್ಲಿ ಅದು ಬರಲೇ ಇಲ್ಲ. ಹೊಸ ಕಂಟ್ರೋಲರ್ ಪೂರ್ತಿ ತಯಾರಾಗಲು ವರ್ಷಗಳು ಬೇಕು, ಚುನಾವಣೆ ಅಷ್ಟು ಕಾಯುವುದಿಲ್ಲ.

ಹಾಗೇ 2019ರ ಜನವರಿ. ಬಜೆಟ್ ಜಗಳದಿಂದ ಅಮೆರಿಕ ಸರ್ಕಾರದ ಬಾಗಿಲು 35 ದಿನ ಮುಚ್ಚಿತ್ತು, ಕಂಟ್ರೋಲರ್‌ಗಳು ಸಂಬಳವಿಲ್ಲದೆ ದುಡಿಯುತ್ತಿದ್ದರು. ಕೊನೆಯ ದಿನ ಬೆರಳೆಣಿಕೆಯಷ್ಟು ಜನ ರಜೆ ಹಾಕಿದರು. ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣಕ್ಕೆ ಬರುವ ವಿಮಾನಗಳನ್ನು ಸ್ವಲ್ಪ ಹೊತ್ತು ತಡೆಯಬೇಕಾಯಿತು. ಅವತ್ತೇ ರಾಜಿಯಾಯಿತು. ವಿಮಾನ ತಡವಾದರೆ ಎಲ್ಲರಿಗೂ ಕಾಣುತ್ತದೆ, ಆಯಾಸ ಯಾರ ಕಣ್ಣಿಗೂ ಬೀಳದು. ಆದ್ದರಿಂದ ಒಬ್ಬರೇ ಇದ್ದಾಗ ಟ್ರಾಫಿಕ್ ಕಡಿಮೆ ಮಾಡಿ ಅಂತ ಕೇಳಲು ನಾಚಬೇಡ. ಹತ್ತು ವಿಮಾನ ಕಾದರೆ ಕಾಯಲಿ, ಬೈಸಿಕೊಳ್ಳುವುದು ಮೇಲಿನವರ ಕೆಲಸ.

ಇನ್ನೊಂದು. ಓವರ್‌ಟೈಮ್ ದುಡ್ಡಿಗೆ ಇಎಂಐ ಕಟ್ಟುವ ಅಭ್ಯಾಸ ಬೇಡ. ಒಮ್ಮೆ ಅದು ಅಂಟಿಕೊಂಡರೆ ‘ಇವತ್ತು ಆಗಲ್ಲ’ ಅನ್ನುವ ಬಾಯೇ ಬರುವುದಿಲ್ಲ. ಸಂಘಕ್ಕೆ ಸೇರು, ಸಭೆಗೆ ಹೋಗು. ಅಲ್ಲಿ ಭಾಷಣ ಮಾಡುವವರಿಗಿಂತ ರೋಸ್ಟರ್ ಹಿಡಿದು ಲೆಕ್ಕ ಹಾಕುವವರ ಪಕ್ಕದಲ್ಲಿ ಕೂರು.

ಮೊದಲ ರೋಸ್ಟರ್ ಬಂದ ಕೂಡಲೇ ಫೋನ್ ಮಾಡು. ರಾತ್ರಿ ಪಾಳಿ ಆದಮೇಲೆ ಎಷ್ಟು ಗಂಟೆ ಬಿಡುವು ಕೊಟ್ಟಿದ್ದಾರೆ ಅಂತ ಇಬ್ಬರೂ ಕೂತು ನೋಡೋಣ.

ನಿನ್ನ ಮಾಮ