ಗಡಿಯಾರ ನೋಡಿದ ಮಗಳಿಗೆ

ಮೈಸೂರು

ಪ್ರೀತಿಯ ಅನಘಾ,

ದೊಡ್ಡಮ್ಮನ ಆಶೀರ್ವಾದಗಳು. ಮನೆ ಕಡೆಯ ಸುದ್ದಿಯನ್ನೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ಶಿಕಾಗೋದ ನಿಮ್ಮ ಸೇವಾಸಂಸ್ಥೆಯಲ್ಲಿ ನಿನಗೆ ಡೈರೆಕ್ಟರ್ ಕೆಲಸ ಸಿಕ್ಕಿದ್ದಕ್ಕೆ ನನಗೆಷ್ಟು ಖುಷಿಯಾಯಿತು ಅನ್ನುವುದೂ ನಿನಗೆ ತಲುಪಿರುತ್ತದೆ. ಆದರೆ ನಿನ್ನ ಪತ್ರದ ಕೊನೆಯ ಪುಟದಲ್ಲಿ ಒಂದು ಮಾತಿದೆ. "ಒಬ್ಬ ತಾಯಿ ನನ್ನೆದುರು ಕೂತು ಅಳುತ್ತಿದ್ದಳು, ನಾನು ಗೋಡೆಯ ಗಡಿಯಾರ ನೋಡಿದೆ. ಕಲ್ಲಾಗುತ್ತಿದ್ದೇನಾ ದೊಡ್ಡಮ್ಮ?" ಅಂತ. ಓದಿದ ಮೇಲೆ ಬೇರೆ ಯಾವುದರ ಮೇಲೂ ಮನಸ್ಸು ನಿಲ್ಲಲಿಲ್ಲ. ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಆ ತಾಯಿಯ ಗಂಡನನ್ನು ಕೆಲಸಕ್ಕೆ ಹೋಗುವ ದಾರಿಯಲ್ಲೇ ಹಿಡಿದುಕೊಂಡು ಹೋದರು ಅಂತ ಬರೆದಿದ್ದೀಯ. 2025ರ ಸೆಪ್ಟೆಂಬರ್‌ನಿಂದ ವಲಸೆ ಇಲಾಖೆಯವರು ಕಾಗದಪತ್ರ ಇಲ್ಲದವರನ್ನು ಹಿಡಿಯಲು ಶಿಕಾಗೋದ ಬೀದಿಗಿಳಿದದ್ದನ್ನು, ಅಲ್ಲಿನ ಮೆಕ್ಸಿಕನ್ನರ ಬಡಾವಣೆಯಾದ ಲಿಟಲ್ ವಿಲೇಜ್‌ನ ಜನ ಸೀಟಿ ಊದಿ ಒಬ್ಬರನ್ನೊಬ್ಬರು ಎಚ್ಚರಿಸಿದ್ದನ್ನು ನಾನು ಇಲ್ಲಿ ಕೂತು ಟಿವಿಯಲ್ಲಿ ನೋಡುತ್ತಿದ್ದೆ. ಅದು ನನಗೆ ಗೊತ್ತಿರುವ 26ನೇ ಬೀದಿ. ಮಿಷಿಗನ್ ಅವೆನ್ಯೂ ಬಿಟ್ಟರೆ ಊರಿಗೆ ಅತಿ ಹೆಚ್ಚು ಮಾರಾಟ ತೆರಿಗೆ ತರುವ ಬೀದಿ ಅದೇ ಅಂತ ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಿದ್ದರು. ಭಾನುವಾರ ಆ ಬೀದಿಯ ಬಾಯಲ್ಲಿರುವ ಕಮಾನಿನ ಕೆಳಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಂಥ ಕಡೆ ಅಂಗಡಿಗಳು ಖಾಲಿ ಹೊಡೆಯುತ್ತಿವೆ ಅಂದರೆ ಮನೆಯೊಳಗೆ ಜನ ಹೇಗಿರಬಹುದು ಅಂತ ನನಗೆ ಅಂದಾಜಾಗುತ್ತದೆ. ದಿನಕ್ಕೆ ಎಷ್ಟು ಮಂದಿ ನಿನ್ನೆದುರು ಬಂದು ಕೂರುತ್ತಾರೋ. ಎಲ್ಲರ ಅಳುವಿಗೂ ಒಂದೇ ಸಮನೆ ಮನಸ್ಸು ಕೊಡುವುದು ಯಾರ ಕೈಲೂ ಆಗುವುದಿಲ್ಲ.

ನಿಮ್ಮಮ್ಮನಿಗೆ ಹೇಳಿದ್ದರೆ, "ನಿನಗೆ ಬೇಜಾರಾಯಿತಲ್ಲ, ಅಂದರೆ ಮನಸ್ಸು ಇನ್ನೂ ಮೆತ್ತಗೇ ಇದೆ" ಅಂದುಬಿಡುತ್ತಿದ್ದಳು. ನನಗೆ ಹಾಗೆ ಹೇಳಲು ಧೈರ್ಯ ಬರುವುದಿಲ್ಲ ಪುಟ್ಟಿ. ಯಾಕೆಂದರೆ ನನಗೂ ಬೇಜಾರಾಗುತ್ತಿತ್ತು. ಆ ಬೇಜಾರು ನನ್ನನ್ನು ಕಾಪಾಡಲಿಲ್ಲ.

ದೊಡ್ಡಮ್ಮ ಶಿಕಾಗೋದಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದಳು ಅಂತ ನೀವೆಲ್ಲ ಕೇಳಿದ್ದೀರಿ. ಯಾವ ಕೆಲಸ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೊದಲ ಕೆಲವು ವರ್ಷ ನಾನು ಕೂರುತ್ತಿದ್ದದ್ದು ರೋಗಿಗಳ ಹೆಸರು ಬರೆದುಕೊಳ್ಳುವ ಕಿಟಕಿಯಲ್ಲಿ. ಪಿಲ್ಸೆನ್ ಬಡಾವಣೆಯ ಕಡೆಯಿಂದ ಮೆಕ್ಸಿಕನ್ ಹೆಂಗಸರು ಬರುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ದುಭಾಷಿ ಅಂತ ಯಾರೂ ಇರಲಿಲ್ಲ. ಮಕ್ಕಳೇ ದುಭಾಷಿಗಳು. ಶಾಲೆ ತಪ್ಪಿಸಿ ಕರೆತರುತ್ತಿದ್ದರು. ಒಂದು ದಿನ ನನ್ನ ಕಿಟಕಿಯ ಮುಂದೆಯೇ ಒಬ್ಬ ಡಾಕ್ಟರು ಒಬ್ಬ ಹುಡುಗನಿಗೆ ಅವನ ತಾಯಿಯ ಕಾಯಿಲೆ ವಿಷಯ ಹೇಳಿದರು. ತುಂಬಾ ಹೊತ್ತು ಹೇಳಿದರು. ಹುಡುಗನಿಗೆ ಒಂಬತ್ತೋ ಹತ್ತೋ ಇರಬೇಕು. ಅವನು ತಾಯಿಯ ಕಡೆ ತಿರುಗಿ ನಾಲ್ಕೇ ನಾಲ್ಕು ಮಾತು ಹೇಳಿದ. ಅವಳು ನಕ್ಕು ಅವನ ತಲೆ ಸವರಿದಳು. ಡಾಕ್ಟರು ಹೇಳಿದ್ದು ನಗುವ ಸುದ್ದಿಯಾಗಿರಲಿಲ್ಲ, ನಾನು ಕೇಳಿಸಿಕೊಂಡಿದ್ದೆ.

ಅದಾದ ಮೇಲೆ ಬಹಳ ದಿನ ನಾನು ಮನೆಗೆ ಬಂದು ಅಳುತ್ತಿದ್ದೆ. ನಿಮ್ಮ ದೊಡ್ಡಪ್ಪನಿಗೆ ನೋಡಲಾಗಲಿಲ್ಲ. ಮೇಲಿನ ಮಹಡಿಯ ಬಿಲ್ ವಿಭಾಗದಲ್ಲಿ ಜಾಗ ಖಾಲಿಯಾದಾಗ ನಾನು ಕೇಳಿ ಹಾಕಿಸಿಕೊಂಡೆ. ಸಂಬಳವೂ ಜಾಸ್ತಿ. ಅಲ್ಲಿ ಯಾರ ಮುಖವೂ ಇರಲಿಲ್ಲ. ಹೆಸರು, ತಾರೀಖು, ಬಾಕಿ ಎಷ್ಟು, ಅಷ್ಟೇ. ಬರುಬರುತ್ತಾ ಅಳು ನಿಂತುಹೋಯಿತು, ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ರಿಟೈರ್ ಆಗುವವರೆಗೂ ಅಲ್ಲೇ ಇದ್ದೆ. ಕಿಟಕಿಯಲ್ಲಿ ಕೂತು ಎದುರಿನವರು ಅಳುವಾಗ ನಾನೂ ಗಡಿಯಾರ ನೋಡಿರಬಹುದು. ಆದರೆ ನಾನು ಕಲ್ಲಾದದ್ದು ಅಲ್ಲಲ್ಲ. ಆ ಮೇಲಿನ ಮಹಡಿಯಲ್ಲಿ.

ಅದಕ್ಕೇ ಗಡಿಯಾರದ ಮಾತಿಗಿಂತ ನಿನ್ನ ಇನ್ನೊಂದು ಮಾತು ನನ್ನನ್ನು ಹೆದರಿಸಿತು. ಹೊಸ ಕೋಣೆ ಕೊಟ್ಟಿದ್ದಾರೆ, ಬಾಗಿಲು ಹಾಕಿಕೊಳ್ಳಬಹುದು, ಇನ್ನು ಮುಂದೆ ಜನರನ್ನು ನೇರವಾಗಿ ನೋಡುವ ಕೆಲಸ ಕಮ್ಮಿಯಾಗುತ್ತದೆ ಅಂತ ಸಮಾಧಾನದಿಂದ ಬರೆದಿದ್ದೀಯ. ಆ ಸಮಾಧಾನ ನನಗೆ ಚೆನ್ನಾಗಿ ಗೊತ್ತು.

ರಿಪೋರ್ಟು, ಗ್ರಾಂಟು, ಲೆಕ್ಕ ಇದೆಲ್ಲ ಕೀಳು ಅಂತ ಹೇಳುತ್ತಿಲ್ಲ. ನೀನು ಗಡಿಯಾರ ನೋಡಿದ್ದು ಐದು ಗಂಟೆಯೊಳಗೆ ಗ್ರಾಂಟಿನ ರಿಪೋರ್ಟ್ ಕಳಿಸಬೇಕಿತ್ತು ಅಂತ. ಆ ದುಡ್ಡು ಬರದಿದ್ದರೆ ಮನೆಮನೆಗೆ ಹೋಗಿ ಜನರಿಗೆ ನೆರವಾಗುವ ನಿಮ್ಮ ಪ್ರೊಮೊತೋರಾ ಹೆಂಗಸರಿಗೆ ಸಂಬಳ ಎಲ್ಲಿಂದ ಬರಬೇಕು? ಪಿಲ್ಸೆನ್‌ನಲ್ಲಿ 1990ರಲ್ಲಿ ಆರು ಚರ್ಚಿನವರು ತಲಾ 5,000 ಡಾಲರ್ ಹಾಕಿ ರಿಸರೆಕ್ಷನ್ ಪ್ರಾಜೆಕ್ಟ್ ಶುರು ಮಾಡಿದರು. ಬಾಡಿಗೆ ಏರಿ ಜನ ಊರು ಬಿಡುವ ಹೊತ್ತಿನಲ್ಲಿ ಅವರಿಗೆ ಕೈಗೆಟಕುವ ಮನೆ ಕಟ್ಟಿಸಿದರು. ಯಾರೋ ಒಬ್ಬರು ಕೂತು ಡಾಲರ್ ಡಾಲರಿಗೂ ಲೆಕ್ಕ ಬರೆದಿರಲೇಬೇಕು ಅಲ್ವಾ? ಶಾಲಾ ಮೇಷ್ಟ್ರು ಕಾರ್ಲೋಸ್ ಟೊರ್ಟೊಲೆರೊ ಮತ್ತು ಅವರ ಜೊತೆಯವರು 1982ರಲ್ಲಿ ಶುರು ಮಾಡಿದ ಮೆಕ್ಸಿಕನ್ ಕಲೆಯ ಮ್ಯೂಸಿಯಂಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಒಳಗೆ ಹೋಗಲು ಟಿಕೆಟ್ ಇಲ್ಲ. ಟಿಕೆಟ್ ಇಲ್ಲದೆ ಅದನ್ನು ಇಷ್ಟು ವರ್ಷ ನಡೆಸಬೇಕಾದರೆ ಎಷ್ಟು ಅರ್ಜಿ ಬರೆದಿರಬೇಕು, ಯಾರ್ಯಾರ ಬಾಗಿಲು ಬಡಿದಿರಬೇಕು ಯೋಚಿಸು. ಗಡಿಯಾರ ನೋಡದೆ ಇದು ಯಾವುದೂ ಆಗಿರಲಾರದು.

ಆದರೂ ಮನಸ್ಸು ಮತ್ತೆ ಆ ತಾಯಿಯ ಕಡೆಗೇ ಹೋಗುತ್ತದೆ. ನೀನು ಗಡಿಯಾರ ನೋಡಿದ್ದನ್ನು ಅವಳು ನೋಡಿದಳಾ? ಅದನ್ನು ನೀನು ಬರೆದಿಲ್ಲ. ನೋಡಿದ್ದರೆ ಎದ್ದು ಹೋಗಬೇಕೇನೋ ಅಂದುಕೊಂಡಿರುತ್ತಾಳೆ. ಇನ್ನು ಮೇಲೆ ಯಾರೇ ಬರಲಿ, ಕೂತ ಕೂಡಲೇ ಹೇಳಿಬಿಡು. ನನಗೆ ಇಪ್ಪತ್ತು ನಿಮಿಷ ಇದೆ, ಅಷ್ಟೂ ನಿಮ್ಮದೇ, ಉಳಿದದ್ದಕ್ಕೆ ಇವರಿದ್ದಾರೆ ಅಂತ. ಆಗ ಗಡಿಯಾರ ನೋಡಿದರೂ ಅವಳಿಗೆ ಹಾಗನ್ನಿಸುವುದಿಲ್ಲ. ಸಂಸ್ಥೆ ನಡೆಸಿದವಳಲ್ಲ ನಾನು, ಇದು ಅಲ್ಲಿ ನಡೆಯುತ್ತೋ ಇಲ್ಲವೋ ನೀನೇ ನೋಡು.

2001ರಲ್ಲಿ ನಾನಿನ್ನೂ ಅಲ್ಲೇ ಇದ್ದೆ. ಲಿಟಲ್ ವಿಲೇಜ್‌ನ ತಾಯಂದಿರ ಉಪವಾಸ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹೈಸ್ಕೂಲು ಕಟ್ಟಿಸುತ್ತೇವೆ ಅಂತ ಊರಿನ ಶಾಲಾ ಇಲಾಖೆಯವರು ಮಾತು ಕೊಟ್ಟಿದ್ದರು. ಬೇರೆ ಕಡೆ ಕಟ್ಟಿಸಿ, ಇವರಿಗೆ ಮಾತ್ರ ದುಡ್ಡಿಲ್ಲ ಅಂದರು. ಮೇ ತಿಂಗಳಲ್ಲಿ, ಅಮ್ಮಂದಿರ ದಿನದಂದೇ, ಹದಿನಾಲ್ಕು ಜನ 31ನೇ ಬೀದಿ ಮತ್ತು ಕಾಸ್ಟ್ನರ್ ಕೂಡುವ ಖಾಲಿ ಜಾಗದಲ್ಲಿ ಕೂತರು. 19 ದಿನ. ಅವರು ಉಪವಾಸ ಬಿಟ್ಟಾಗ ಶಾಲೆ ಇನ್ನೂ ಸಿಕ್ಕಿರಲಿಲ್ಲ. ಬಾಗಿಲು ತೆರೆದದ್ದು 2005ರಲ್ಲಿ. ಅವರು ಕೂತದ್ದನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅವರು ಎದ್ದು ಊಟ ಮಾಡಿದ್ದೂ ಅಷ್ಟೇ ದೊಡ್ಡದು. ಊಟ ಮಾಡಿ, ಮಾರನೇ ವಾರದಿಂದ ಮತ್ತೆ ಶಾಲೆಯ ಬೆನ್ನು ಹತ್ತಿದರು. ಒಬ್ಬರೇ ಆಗಿದ್ದರೆ ಅದು ಆಗುತ್ತಿತ್ತಾ? ನಿನ್ನ ಪತ್ರದ ತುಂಬ ನಾನು, ನಾನು ಅಂತಲೇ ಇದೆ. ಅದು ಅಹಂಕಾರ ಅಲ್ಲ, ನನಗೆ ಗೊತ್ತು. ಎಲ್ಲವನ್ನೂ ಒಬ್ಬಳೇ ಹೊತ್ತುಕೊಂಡಿದ್ದೀಯ.

ನಿಮ್ಮ ಸಂಸ್ಥೆ ಕಟ್ಟಿದ ಹೆಂಗಸು ಇನ್ನೂ ಬರುತ್ತಾರೆ ಅಂದಿದ್ದೀಯಲ್ಲ. ಅವರು ಅದೇ ಬೀದಿಯಲ್ಲಿ ಬೆಳೆದವರು, ಇಂಥ ಎಷ್ಟು ವರ್ಷ ದಾಟಿದ್ದಾರೋ. ಈ ಪ್ರಶ್ನೆಯನ್ನು ಅವರಿಗೇ ಕೇಳು. ಮೇಲಿನವರ ಮುಂದೆ ಸೋತಂತೆ ಕಾಣಬಾರದು ಅಂತ ಸುಮ್ನೆ ಇರಬೇಡ. ಅವರಿಂದ ಸಿಗುವ ಉತ್ತರ ನನ್ನಿಂದ ಸಿಗಲಾರದು.

ನನಗೆ ಹಾಗೆ ಕೇಳಲು ಜಾಗ ಇತ್ತು. ಪಿಲ್ಸೆನ್‌ನ ಹೆಂಗಸರೇ ಸೇರಿ 1973ರಲ್ಲಿ ಮುಹೇರೆಸ್ ಲಾತಿನಾಸ್ ಎನ್ ಅಕ್ಸಿಯೋನ್ ಅನ್ನುವ ಸಂಸ್ಥೆ ಕಟ್ಟಿದ್ದರು. ಮನೆಯಲ್ಲಿ ಹೊಡೆತ ತಿಂದವರಿಗೆ, ದಿಕ್ಕು ತೋಚದ ಹೆಣ್ಣುಮಕ್ಕಳಿಗೆ ಅದೊಂದು ಆಸರೆ. ಕಿಟಕಿಯಲ್ಲಿದ್ದ ಕಾಲದಲ್ಲಿ ಅವರ ಹೆಸರು ಕೇಳುತ್ತಲೇ ಇದ್ದೆ. ಒಂದು ದಿನ ಹೋಗಿ, ಈ ಮಕ್ಕಳ ಬದಲು ಮಾತಾಡಲು ಯಾರಾದರೂ ಬರುತ್ತೀರಾ ಅಂತ ಕೇಳಬೇಕು ಅಂದುಕೊಳ್ಳುತ್ತಿದ್ದೆ. ಹೊರಗಿನವಳು ನಾನು, ಏನಂತ ಹೋಗಲಿ ಅನ್ನಿಸುತ್ತಿತ್ತು. ಹೋಗಲೇ ಇಲ್ಲ. ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ತಾಯಿಗೆ ಅವತ್ತು ಹೇಳದೆ ಉಳಿಸಿಕೊಂಡದ್ದನ್ನು ಅವನು ಮುಂದೆ ಯಾವತ್ತಾದರೂ ಹೇಳಿದನೋ ಏನೋ.

ಹಾಗಾಗಿ ಕೋಣೆ ಇರಲಿ, ವಾರಕ್ಕೊಂದು ಬೆಳಿಗ್ಗೆ ಕೆಳಗೆ ಬಂದು ಹೆಸರು ಬರೆದುಕೊಳ್ಳುವ ಮೇಜಿನ ಮುಂದೆ ಕೂತುಕೋ. ಡೈರೆಕ್ಟರ್ ಹಾಗೆಲ್ಲ ಕೂರುವ ಪದ್ಧತಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಪ್ರೊಮೊತೋರಾಗಳ ಜೊತೆ ಊಟ ಮಾಡು, ಯಾರ ಮನೆಯಲ್ಲಿ ಏನಾಯಿತು ಅಂತ ಅವರ ಬಾಯಲ್ಲೇ ಕೇಳು. ನಿನ್ನ ಕೈಕೆಳಗಿರುವ ಅಲ್ಲಿನ ಹುಡುಗಿಯರನ್ನು ಈಗಿನಿಂದಲೇ ಬೋರ್ಡ್ ಮೀಟಿಂಗಿಗೆ ಕರೆದುಕೊಂಡು ಹೋಗು. ಲೆಕ್ಕ ತೋರಿಸು, ದುಡ್ಡು ಕೊಡುವವರ ಪರಿಚಯ ಮಾಡಿಸು. ನಿನ್ನ ಕುರ್ಚಿ ಮುಂದೆ ಅವರಲ್ಲೊಬ್ಬಳಿಗೆ ಸಿಗಬೇಕು. ಭಾರವೂ ಹಂಚಿಹೋಗುತ್ತದೆ. ಇನ್ನೊಂದು, ಎಷ್ಟೇ ಸಣ್ಣ ಕೆಲಸವಿರಲಿ, ಭಾಷೆ ಬರದವರ ಪರವಾಗಿ ಮಾತಾಡಲು ಮಕ್ಕಳನ್ನು ನಡುವೆ ನಿಲ್ಲಿಸಲು ಯಾರಿಗೂ ಬಿಡಬೇಡ. ಇದೊಂದನ್ನು ಮಾತ್ರ ನಾನು ಖಂಡಿತವಾಗಿ ಹೇಳಬಲ್ಲೆ.

ನೀನು ಕಲ್ಲಾಗುತ್ತಿದ್ದೀಯಾ? ಇಷ್ಟೆಲ್ಲ ಬರೆದ ಮೇಲೂ ನನ್ನ ಹತ್ತಿರ ಉತ್ತರ ಇಲ್ಲ ಪುಟ್ಟಿ. ದಣಿದಿದ್ದೀಯ ಅನ್ನುವುದು ಮಾತ್ರ ಅಕ್ಷರದಲ್ಲೇ ಕಾಣುತ್ತದೆ. ಡಿಸೆಂಬರ್‌ನಲ್ಲಿ ರಜೆ ಕೇಳು. ಕೊಡದಿದ್ದರೆ ಮತ್ತೆ ಕೇಳು. ಇಲ್ಲಿಗೆ ಬಂದು ಹತ್ತು ದಿನ ಮಲಗಿದ್ದರೂ ಸರಿ, ಯಾರೂ ನಿನ್ನನ್ನು ಏನೂ ಕೇಳುವುದಿಲ್ಲ. ಟಿಕೆಟ್ ದುಡ್ಡಿನ ಮಾತು ನಿಮ್ಮಮ್ಮನ ಹತ್ತಿರ ಎತ್ತಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ