ಗುಂಪಿಗೆ ಸೂಚನೆ: ಸ್ಲೈಸಿಂಗ್ ಗೊಂದಲ
ಎಲ್ಲರ ಗಮನಕ್ಕೆ. ಸ್ಲೈಸಿಂಗ್ ಅಂದ್ರೆ ಕೋಡಲ್ಲಿ ನಮಗೆ ಬೇಕಾದ ಒಂದು ಮೌಲ್ಯದ ಮೇಲೆ ಪರಿಣಾಮ ಬೀರೋ ಸಾಲುಗಳನ್ನಷ್ಟೇ ಆರಿಸಿಕೊಳ್ಳೋದು. ಸ್ಟ್ಯಾಟಿಕ್ ಸ್ಲೈಸಿಗೂ ಡೈನಾಮಿಕ್ ಸ್ಲೈಸಿಗೂ ಏನು ವ್ಯತ್ಯಾಸ ಅಂತ ನಿನ್ನೆ ಎದ್ದ ಪ್ರಶ್ನೆಗೆ ಪುಟ್ಟ ಉದಾಹರಣೆ. ಬಡ್ಡಿ ಲೆಕ್ಕದ ಕೋಡ್ ಅಂದ್ಕೊಳ್ಳಿ: ವಯಸ್ಸು 60 ದಾಟಿದ್ರೆ ದರ 8, ಇಲ್ಲಾಂದ್ರೆ 7, ಕೊನೇ ಸಾಲಲ್ಲಿ ದರ ಪ್ರಿಂಟ್. ಮಾರ್ಕ್ ವೈಸರ್ 1981ರಲ್ಲಿ ವಿವರಿಸಿದ ಸ್ಟ್ಯಾಟಿಕ್ ಸ್ಲೈಸ್ ಯಾವ ಇನ್‌ಪುಟ್ಟನ್ನೂ ನೋಡಲ್ಲ, ಹಾಗಾಗಿ ಎರಡೂ ಕವಲು ಉಳಿಸಿಕೊಳ್ಳುತ್ತೆ. ಕೊರೆಲ್, ಲಾಸ್ಕಿ 1988ರಲ್ಲಿ ತಂದ ಡೈನಾಮಿಕ್ ಸ್ಲೈಸ್ ಕೊಟ್ಟ ಇನ್‌ಪುಟ್ಟಿನ ಒಂದು ಓಟವನ್ನಷ್ಟೇ ನೋಡುತ್ತೆ. ಅದಕ್ಕೆ ವಯಸ್ಸು 65 ಕೊಟ್ಟು ಓಡಿಸಿ, 7ರ ಸಾಲು ಮಾಯ! ಬಗ್ ಹಿಡಿಯೋಕೆ ನನ್ನ ಓಟು ಇದಕ್ಕೇ. ಆದ್ರೆ ಕೋಡ್ ಬದಲಿಸೋವಾಗ ಇದೊಂದನ್ನೇ ನಂಬ್ಕೊಂಡು ಕೂರಬೇಡಿ. 40ರ ಗ್ರಾಹಕ ಬಂದ್ರೆ ಏನಾಗುತ್ತೆ ಅಂತ ಅದು ಹೇಳಲ್ಲ. ಪಾಯಿಂಟರ್ (ಮೆಮೊರಿ ವಿಳಾಸ ಇಟ್ಕೊಳ್ಳೋ ವೇರಿಯಬಲ್) ತುಂಬಿದ ಸಿ ಕೋಡಲ್ಲಿ ಅದು ಯಾವುದನ್ನ ತೋರಿಸುತ್ತೆ ಅಂತ ಓಡಿಸದೆ ಖಚಿತವಾಗಿ ಗೊತ್ತಾಗಲ್ಲ, ಹಾಗಾಗಿ ಸ್ಟ್ಯಾಟಿಕ್ ಸ್ಲೈಸ್ ಅರ್ಧ ಫೈಲನ್ನೇ ಎಳ್ಕೊಂಡು ಬಂದ್ರೂ ಗಾಬರಿ ಬೇಡ. ಶನಿವಾರ ಟ್ರೇಸ್ ಫೈಲ್ (ಕೋಡ್ ಓಡಿದಾಗ ಯಾವ ಸಾಲುಗಳು ನಡೆದವು ಅನ್ನೋ ದಾಖಲೆ) ಸಮೇತ ಬನ್ನಿ.