ಸಾಗರದ ಶಾಸಕರಿಗೆ ಒಂದು ಬಹಿರಂಗ ಪತ್ರ: ಕಾಗೋಡಿಗೆ ಸಿಕ್ಕಿದ್ದು, ಶರಾವತಿಗೆ ಸಿಗದೇ ಉಳಿದದ್ದು

ಮಾನ್ಯ ಶಾಸಕರೇ, ನಮಸ್ಕಾರ.

ಮುಂದಿನ ಅಧಿವೇಶನದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಗದ್ದೆ ಕಳೆದುಕೊಂಡ ಶರಾವತಿ ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕಿನ ಕುರಿತು ನೀವು ಸದನದಲ್ಲಿ ಎದ್ದು ನಿಲ್ಲಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಹಾಗೆ ಕೇಳುವ ಧೈರ್ಯ ನನಗೆ ಬಂದಿರುವುದು ಈ ಕ್ಷೇತ್ರದ ಚರಿತ್ರೆಯಿಂದ. ಸಾಗರದ ರಾಜಕಾರಣ ಹುಟ್ಟಿದ್ದೇ ಗದ್ದೆಯ ಬದುವಿನ ಮೇಲೆ.

1951ರ ಏಪ್ರಿಲ್‌ನಲ್ಲಿ ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ನಡೆದದ್ದನ್ನು ಹಿರಿಯರ ಬಾಯಲ್ಲಿ ಕೇಳುತ್ತಲೇ ನಾವು ಬೆಳೆದವರು. ಗೇಣಿ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರ ಕಣದಲ್ಲಿ ಬಳಕೆಯಾಗುತ್ತಿದ್ದ ಕೊಳಗ ಅಳತೆಗಿಂತ ದೊಡ್ಡದು. ಒಂದೊಂದು ಕೊಳಗಕ್ಕೂ ರೈತನ ಪಾಲಿನಿಂದ ಇಷ್ಟಿಷ್ಟು ಭತ್ತ ಹೆಚ್ಚಿಗೆ ಹೋಗುತ್ತಿತ್ತು. ಅದನ್ನು ಪ್ರಶ್ನಿಸಿದ ದೀವರ ಸಮುದಾಯದ ಗೇಣಿದಾರರಿಗೆ ಉಳುಮೆಯೇ ತಪ್ಪಿತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ರೈತರು ನೇಗಿಲು ಹಿಡಿದು ಗದ್ದೆಗೆ ಇಳಿದರು, ಬಂಧನಕ್ಕೊಳಗಾದರು. ಮರುದಿನ ಇನ್ನೊಂದು ತಂಡ ಇಳಿಯಿತು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರ ಬಂಧನವೂ ಆಯಿತು. ಒಂದು ಮಲೆನಾಡ ಹಳ್ಳಿಯ ಹೆಸರು ದೇಶಕ್ಕೆ ತಿಳಿಯಿತು.

ಮರುವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ. ಆಗಿನ ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಗೆದ್ದರು. ಮತದ ಜೊತೆಗೆ ಚುನಾವಣೆಯ ಖರ್ಚನ್ನೂ ಮತದಾರರೇ ಕೊಟ್ಟರು: ‘ಒಂದು ಓಟು, ಒಂದು ನೋಟು’. ಅಭ್ಯರ್ಥಿಯ ಕೈಗೆ ಜನ ಹಣ ಕೊಟ್ಟ ಊರು ಇದು ಎಂಬುದನ್ನು ಇಂದು ಯಾವ ಪಕ್ಷದವರಿಗೆ ಹೇಳಿದರೂ ನಂಬುವುದು ಕಷ್ಟ. ನಮಗೆ ಅದು ಇಂದಿಗೂ ಹೆಮ್ಮೆಯ ಸಂಗತಿ. 1972ರಲ್ಲಿ ಅದೇ ಕಾಗೋಡಿನ ತಿಮ್ಮಪ್ಪನವರು ಸಮಾಜವಾದಿಯಾಗಿ ವಿಧಾನಸಭೆಗೆ ಹೋದರು. ಆ ವಿಧಾನಸಭೆಯ ಕಾಲದಲ್ಲೇ ಉಳುವವನೇ ಹೊಲದೊಡೆಯ ಎನ್ನುವ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರ ಫಾರಂ ನಂಬರ್ 7 ತುಂಬಿ ಡಿಕ್ಲರೇಷನ್ ಹಾಕಿದ, ಒಡೆಯನಾದ.

ಆದರೆ ಲಿಂಗನಮಕ್ಕಿ ಅಣೆಕಟ್ಟು ಅದಕ್ಕೂ ಹತ್ತು ವರ್ಷ ಮೊದಲೇ, 1964ರಲ್ಲಿ ಎದ್ದು ನಿಂತಿತ್ತು. ಶರಾವತಿ ಕಣಿವೆಯಲ್ಲಿ ಗೇಣಿಗೆ ಉಳುತ್ತಿದ್ದವರ ಗದ್ದೆಗಳು ಕಾನೂನು ಬರುವ ಮುನ್ನವೇ ನೀರಿನಡಿ ಸೇರಿದವು. ದಾಖಲೆಯಲ್ಲಿ ಹೆಸರಿದ್ದವರಿಗೆ ಪರಿಹಾರ ಸಿಕ್ಕಿತು, ಉಳುತ್ತಿದ್ದವನಿಗೆ ಲಾರಿ ಹತ್ತುವ ಸೂಚನೆ ಸಿಕ್ಕಿತು. ಅದೇ ತಾಲ್ಲೂಕು, ಅದೇ ಗೇಣಿ ಪದ್ಧತಿ. ಕಾಗೋಡಿನವನು ಭೂಮಾಲೀಕನಾದ; ಹಿನ್ನೀರಿನವನು ಸರ್ಕಾರವೇ ತಂದು ಬಿಟ್ಟ ಕಾಡಿನಲ್ಲಿ ಒತ್ತುವರಿದಾರನಾದ.

ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಇಂಥವರನ್ನು ನೀವೂ ನೋಡಿರುತ್ತೀರಿ. ಪ್ಲಾಸ್ಟಿಕ್ ಕವರಿನೊಳಗೆ ಮಡಿಕೆಯಲ್ಲಿ ಹರಿದ ಹಳೆಯ ಆದೇಶದ ಪ್ರತಿ, ಕಂದಾಯ ರಸೀದಿ, ಜೊತೆಗೆ ಹೊಸದಾಗಿ ತೆಗೆಸಿದ ಪಹಣಿ. ಒಡೆಯನ ಹೆಸರಿರಬೇಕಾದ ಒಂಬತ್ತನೇ ಕಾಲಂನಲ್ಲಿ ‘ಅರಣ್ಯ’ ಎಂದಿರುತ್ತದೆ. ತೋಟದಲ್ಲಿ ಮೂರನೇ ತಲೆಮಾರು ಅಡಿಕೆ ಕೊಯ್ಯುತ್ತಿದ್ದರೂ ಆ ಒಂದು ಪದದಿಂದಾಗಿ ಬ್ಯಾಂಕಿನ ಬೆಳೆಸಾಲ ಇಲ್ಲ, ಮಕ್ಕಳಿಗೆ ಪಾಲು ಮಾಡಿಕೊಡುವಂತಿಲ್ಲ.

ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಎನ್ನುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷಗಳ ವಾಸಕ್ಕೆ ಸಾಕ್ಷಿ ಕೊಡಬೇಕು ಎನ್ನುತ್ತದೆ ಆ ಕಾಯ್ದೆ. ಅಂದರೆ 1930ರಿಂದ. 1960ರ ದಶಕದಲ್ಲಿ ಸರ್ಕಾರವೇ ಎಬ್ಬಿಸಿ ಕಳಿಸಿದ ಕುಟುಂಬ ಆ ಸಾಕ್ಷಿಯನ್ನು ಎಲ್ಲಿಂದ ತರಬೇಕು? ಸಂತ್ರಸ್ತರಿಗಾಗಿ ಆ ಭೂಮಿಯನ್ನು ಅರಣ್ಯದಿಂದ ಕೈಬಿಟ್ಟು ರಾಜ್ಯ ಹೊರಡಿಸಿದ್ದ ಡಿನೋಟಿಫಿಕೇಷನ್ ಕೇಂದ್ರದ ಪೂರ್ವಾನುಮತಿ ಇಲ್ಲದ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ತಪ್ಪಿದ್ದು ಸರ್ಕಾರ, ಕಳೆದುಕೊಂಡಿದ್ದು ರೈತ.

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೊಸನಗರ ಪ್ರತ್ಯೇಕ ಕ್ಷೇತ್ರವಾಗಿ ಉಳಿಯಲಿಲ್ಲ. ಹಿನ್ನೀರಿನ ಜನರ ಪರವಾಗಿ ಮಾತನಾಡುವ ಒಂದು ದನಿ ಅಲ್ಲಿಗೆ ಕಡಿಮೆಯಾಯಿತು. ಆ ಹೊಣೆಯ ಒಂದು ಭಾಗವೂ ನಿಮ್ಮ ಹೆಗಲ ಮೇಲಿದೆ. 2004 ಮತ್ತು 2008ರಲ್ಲಿ ಬಿಜೆಪಿಯಿಂದ, 2023ರಲ್ಲಿ ಕಾಂಗ್ರೆಸ್ಸಿನಿಂದ ಇದೇ ಕ್ಷೇತ್ರ ನಿಮ್ಮನ್ನು ಆರಿಸಿತು. ಎರಡೂ ಪಕ್ಷಗಳ ಒಳಗನ್ನು ಬಲ್ಲವರು ನೀವು. ದೆಹಲಿಯ ಅನುಮತಿ ಬೇಕಾದ ಈ ಕೆಲಸಕ್ಕೆ ಅದು ದೊಡ್ಡ ಬಲ.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದಾಗ ಕರೂರು-ಬಾರಂಗಿ ಹೋಬಳಿಯವರಿಗೆ ಆದ ಸಂತೋಷವನ್ನು ಹೇಳತೀರದು. ಕೊನೆಯ ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ರಾತ್ರಿ ಎಂಬ ಭಯ ಹೋಯಿತು. ಆರು ದಶಕ ಕಾದ ನಂತರವಾದರೂ ಕಟ್ಟಲು ಮನಸ್ಸು ಮಾಡಿದ್ದಕ್ಕೆ ಅದು ಆಯಿತು. ಭೂಮಿಯ ಪಟ್ಟೆಗೂ ಅದೇ ಮನಸ್ಸು ಬೇಕು.

ಹಾಗಾಗಿ ಕೇಳುತ್ತಿದ್ದೇನೆ: ಯಾವ ಊರಿನ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಸಂತ್ರಸ್ತ ಕುಟುಂಬಗಳು, ಎಷ್ಟು ಎಕರೆ, ಕಡತ ಯಾವ ಮೇಜಿನಲ್ಲಿದೆ ಎಂಬ ಪಟ್ಟಿಯನ್ನು ಕಂದಾಯ ಸಚಿವರಿಂದ ಸದನದಲ್ಲಿ ಮಂಡಿಸಿ. ಅದರ ಪ್ರತಿಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ. ಕೇಂದ್ರಕ್ಕೆ ಹೋದ ಪ್ರಸ್ತಾವನೆಯ ಉತ್ತರ ಏನೆಂದು ತಿಂಗಳಿಗೊಮ್ಮೆ ತಿಳಿಸಿ. ಪಟ್ಟಿ ಸಿದ್ಧವಾದ ದಿನ ಹಿನ್ನೀರಿನಾಚೆಯ ತುಮರಿಯಲ್ಲಿ ಸಭೆ ಕರೆಯಿರಿ, ಕಂದಾಯ ಮತ್ತು ಅರಣ್ಯ ಇಲಾಖೆಯ ಅಧಿಕಾರಿಗಳನ್ನು ಒಂದೇ ಬೆಂಚಿನಲ್ಲಿ ಕೂರಿಸಿ. ನಾವು ದಾಖಲೆಗಳೊಂದಿಗೆ ಬರುತ್ತೇವೆ.

ಇಂತಿ,
ಸಾಗರ ಕ್ಷೇತ್ರದ ಮತದಾರ